ತೊಪ್ಪೂರು ಕಣಿವೆಯಾಚೆಯ ತಲೆಗಳು

ಮತ್ತೆ ನಿಂತಿತು, ಅಲ್ಲೇ, ತಲೆಬುರುಡೆಯ ಎಲುಬಿನ ಬಳೆ ಪೂರ್ತಿ ಮುಚ್ಚಿಕೊಳ್ಳುವ ಮೊದಲೇ, ಪರದೆಯ ಮೇಲೆ ಬೂದು ಮಂಜಿನೊಳಗೆ ಒಂದು ಬಿಳಿ ಲಾಳ, ಎತ್ತಿನ ಗೊರಸಿಗೆ ಹೊಡೆಯುತ್ತಾರಲ್ಲ ಅಂಥದು, ಬಾಯಿ ತೆರೆದುಕೊಂಡು ನಿಂತ ಬಿಳಿ ಲಾಳ — ಅದರಾಚೆ ಏನೂ ಇಲ್ಲ, ಕೀಲಿ ಒತ್ತಿದರೆ ಉತ್ತರವಿಲ್ಲ, ಫ್ಯಾನು ಮಾತ್ರ ತಿರುಗುತ್ತಿದೆ, ಕಂಪ್ಯೂಟರಿನೊಳಗಿನ ಬೋರ್ಡು ಉಸಿರು ಬಿಟ್ಟು ಬಿದ್ದಿದೆ, ಗಾಜಿನಾಚೆ ಸ್ಕ್ಯಾನ್ ಯಂತ್ರದ ಆ ದೊಡ್ಡ ಉಂಗುರದೊಳಗೆ ತಲೆಯಿಟ್ಟು ಮಲಗಿರುವವಳು ಯಾರೋ ಅಲ್ಲ, ನನ್ನ ಅಕ್ಕ ಮುತ್ಯಾಲಮ್ಮ. ಎನ್ನ ಸಾರ್, ಮರುಪಡಿಯುಂ ನಿಂದುಡ್ಚಾ, ಮತ್ತೆ ನಿಂತಿತಾ, ಎಂದು ಲಕ್ಷ್ಮಣನ್ ಮೆಲ್ಲಗೆ ಕೇಳುತ್ತಾನೆ, ಪಕ್ಕದಲ್ಲಿ ಕೂತು ಎಕ್ಸ್‌ರೇ ಗುಂಡಿ ಒತ್ತುವವನು, ಬೇರೆ ದಿನವಾಗಿದ್ದರೆ ಉಂಗ ಪ್ರೋಗ್ರಾಂ ಟೀ ಕುಡಿಕ್ಕ ಪೋಯಿಡ್ಚು ಸಾರ್, ನಿಮ್ಮ ಪ್ರೋಗ್ರಾಂ ಟೀ ಕುಡಿಯಲು ಹೋಯಿತು, ಎಂದು ನಕ್ಕಿರುತ್ತಿದ್ದ, ಇವತ್ತು ನಗುವುದಿಲ್ಲ, ಅವನು ನಗದಿರುವುದು ನನಗೆ ಹೆದರಿಕೆ ತರುತ್ತದೆ, ನನಗೆ, ಹೆದರಿಕೆ — ಈ ಶೇಖರ್ ಕೈಯಿಟ್ಟರೆ ಸತ್ತ ಯಂತ್ರವೂ ಕೆಮ್ಮಿ ಎದ್ದು ಕೂರುತ್ತದೆ ಎಂದು ಸೇಲಂನ ಆಸ್ಪತ್ರೆಗಳ ಬೀದಿ ಪೂರ್ತಿ ಹೇಳುತ್ತದೆ, ಹೇಳದಿದ್ದರೆ ನಾನೇ ಹೇಳಿಸುತ್ತೇನೆ, ಕಿಟಕಿಯಲ್ಲಿ ಏರ್ಕಾಡಿನ ಬೆಟ್ಟ ಮಧ್ಯಾಹ್ನದ ಬಿಸಿಲಿಗೆ ನಡುಗುತ್ತಿದೆ, ಆ ಬೆಟ್ಟವನ್ನು ಕರೆದು ಸ್ವಲ್ಪ ಆಚೆ ಸರಿ ಎಂದರೆ ಸರಿದೀತು, ಈ ಬೋರ್ಡು ಸರಿಯುತ್ತಿಲ್ಲ.

ನಿಲ್ಲಬಾರದು, ಇದು ನಿಲ್ಲುವ ಪ್ರೋಗ್ರಾಮಲ್ಲ, ಬರೆದವನು ನಾನು, ನಾನು ಬರೆದದ್ದು ನಿಂತರೆ ಮೇಟೂರಿನಲ್ಲಿ ಕಾವೇರಿಯೂ ನಿಲ್ಲಬೇಕು. ಜಪಾನಿನಲ್ಲಿ ಯಾರೋ ದುಡಿಸಿ ದುಡಿಸಿ ಎಸೆದ ಸ್ಕ್ಯಾನ್ ಯಂತ್ರ ಇದು, ಹಡಗಿನಲ್ಲಿ ಮದ್ರಾಸಿಗೆ ಬಂದು ಲಾರಿಯಲ್ಲಿ ಸೇಲಂ ತಲುಪುವಾಗಲೇ ಅರ್ಧ ಜೀವವಾಗಿತ್ತು, ಲೆಕ್ಕ ಮಾಡುವ ಅದರ ಬೀರು, ಬೀರು ಎಂದರೆ ನಿಜವಾದ ಬೀರು, ಮೂರು ಮದುವೆ ಹೆಣ್ಣುಗಳ ಸೀರೆ ಹಿಡಿಸುವಷ್ಟು, ಒಂದು ಬೇಸಿಗೆಯಲ್ಲಿ ಸುಟ್ಟು ಕರಕಾಯಿತು, ಅಂಥದನ್ನು ಈಗ ಮಾಡುವುದಿಲ್ಲ ಎಂದು ಜಪಾನಿನವರು ಕೈಮುಗಿದರು, ಡಾಕ್ಟರ್ ಪೊನ್ನುಸ್ವಾಮಿ ಯಂತ್ರಕ್ಕೆ ಬಿಳಿ ಬಟ್ಟೆ ಹೊದಿಸಿ ಬಾಗಿಲು ಹಾಕಿದರು, ಆಗ ಯಾರು ಬಂದರು, ಈ ಶೇಖರ್ ಬಂದ. ಮದ್ರಾಸಿನ ರಿಚಿ ಸ್ಟ್ರೀಟಿನಲ್ಲಿ ಒಂದು ಗ್ರಾಫಿಕ್ಸ್ ಬೋರ್ಡು ಹುಡುಕಿ ತಂದ, ಮನೆ ಕಟ್ಟುವ ಎಂಜಿನಿಯರುಗಳು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಲು ಕೊಳ್ಳುವಂಥದು, ಅದರ ಮೇಲೆ ಅದರದೇ ಒಂದು ಪ್ರೊಸೆಸರು, ಗೆರೆ ಎಳೆಯುವುದು ಬಣ್ಣ ತುಂಬುವುದು ಬಿಟ್ಟು ಬೇರೆ ಕಸುಬು ಗೊತ್ತಿಲ್ಲದ್ದು, ಅದರ ಕಿವಿ ಹಿಂಡಿ ಲೆಕ್ಕ ಕಲಿಸಿದೆ, ಬೀರು ಮಾಡುತ್ತಿದ್ದ ಲೆಕ್ಕವನ್ನು ಅಂಗೈಯಗಲದ ಹಲಗೆ ಮಾಡಿತು, ಏಷ್ಯಾ ಖಂಡದಲ್ಲೇ ಮೊದಲು, ಅಮೆರಿಕದಲ್ಲಿ ಯಾರಾದರೂ ಮಾಡಿದ್ದರೆ ನನ್ನನ್ನು ಕೇಳಿಕೊಂಡೇ ಮಾಡಿರಬೇಕು. ಇದನ್ನೆಲ್ಲ ಅಕ್ಕನಿಗೆ ಹೇಳಿದ್ದೆ, ಪಾಲಕೋಡಿನ ಹತ್ತಿರ ಅವಳ ಗಂಡನ ಮನೆಯಂಗಳದಲ್ಲಿ, ಕರೆಂಟು ಹೋದ ಸಂಜೆ, ಒಂದು ಕುಂಬಳಕಾಯಿ ಇಟ್ಟು ಸುತ್ತ ಲಾಟೀನು ತಿರುಗಿಸಿ — ನೋಡಕ್ಕ, ಈ ಕಡೆಯಿಂದ ಬೆಳಕು ಬಿಟ್ರೆ ಆ ಕಡೆ ನೆರಳು, ಎಕ್ಸ್‌ರೇ ಅನ್ನೋ ಬೆಳಕು ಕಾಯಿ ಒಳಗೂ ತೂರ್ತದೆ, ಸುತ್ತಲೂ ಸಾವಿರ ಕಡೆಯಿಂದ ನೆರಳು ಹಿಡಿದು ಒಂದರ ಮ್ಯಾಲೊಂದು ಬಳುದ್ರೆ ಕಾಯಿ ಕೊಯ್ಯದೇ ಒಳಗಿನ ಬೀಜ ಕಾಣ್ತದೆ, ಬಳಿಯೋದು ಅಂದ್ರೆ ಬಣ್ಣದ ಕೆಲಸ ತಾನೆ, ಅದಕ್ಕೇ ಬಣ್ಣದೋನ ಕೈಗೆ ಕೊಟ್ಟೆ. ಅದಕ್ಯಾಕ್ಲಾ ಅಷ್ಟು ಪಾಡು, ಕುಡ್ಲು ಕೊಡು ನಾನೇ ಕೊಯ್ದು ತೋರಿಸ್ತೀನಿ. ಕುಂಬಳಕಾಯಲ್ಲಕ್ಕ, ಮನುಷ್ರ ತಲೆ. ತಲೆ ಕೊಯ್ಯಕ್ಕೆ ನಿಂಗೆ ಸಂಬ್ಳ ಬ್ಯಾರೆ ಕೊಡ್ತಾರಾ. ಏಷ್ಯಾದಲ್ಲೇ ಮೊದ್ಲು ಅಕ್ಕ. ಏಷ್ಯಾ ಅಂದ್ರೆ, ನಮ್ಮ ಧರ್ಮಪುರಿ ಡಿಸ್ಟ್ರಿಕ್ಟಿಗಿಂತ ದೊಡ್ಡದಾ — ಹಾಗೆ ಕೇಳಿ ತುಟಿ ಕಚ್ಚಿಕೊಂಡಿದ್ದಳು, ನಗು ತಡೆಯಲು, ಆದರೆ ಮಾರನೆಯ ಬೆಳಿಗ್ಗೆ ಪಾಲಕೋಡಿನ ಮಾರ್ಕೆಟ್ಟಿನಲ್ಲಿ ಟೊಮೇಟೊ ಬುಟ್ಟಿಯ ಮೇಲೆ ಕೂತು ನಮ್ಮ ಸೇಕ್ರ ಮಿಸಿನ್ನು ಮಾಡವ್ನೆ, ಏಷ್ಯಾ ಪೂರ್ತಿ ಅಂಥದು ಇಲ್ಲ, ಅಮೇರಿಕಾದೋರು ಬಂದು ಕಾಲಿಗೆ ಬಿದ್ರು ಎಂದು ಮಾರುತ್ತಿದ್ದಳಂತೆ, ಟೊಮೇಟೊ ಜೊತೆಗೆ ನನ್ನನ್ನೂ. ನಾನು ಒಂದಕ್ಕೆ ಹತ್ತು ಹೇಳಿದರೆ ಅವಳು ಹತ್ತಕ್ಕೆ ನೂರು ಮಾಡುತ್ತಿದ್ದಳು, ಅಂಥ ಕಿವಿ ಈ ಲೋಕದಲ್ಲಿ ಒಂದೇ ಜೊತೆ ಇರುವುದು, ಅದು ಈಗ ಆ ಉಂಗುರದೊಳಗಿದೆ.

ಲಕ್ಷ್ಮಣನ್, ಸ್ವಿಚ್ ಆಫ್ ಮಾಡಿ ಆನ್ ಮಾಡು, ಇನ್ನೊಮ್ಮೆ ನೋಡೋಣ — ಅವನು ಮಾಡುತ್ತಾನೆ, ಪರದೆ ಕಪ್ಪಾಗುತ್ತದೆ, ಸಾಲು ಸಾಲು ಅಕ್ಷರ ಏರುತ್ತವೆ, ಕಂಪ್ಯೂಟರು ಎಚ್ಚರಾಗುವವರೆಗೆ ಕಾಯಬೇಕು, ಕಾಯುವಾಗ ಯೋಚಿಸಬೇಕು, ಎಷ್ಟು ಯೋಚಿಸಿದ್ದೇನೆ ಇದರ ಬಗ್ಗೆ, ಇಡೀ ತಮಿಳುನಾಡು ತನ್ನ ರಾಜಕೀಯದ ಬಗ್ಗೆ ಅಷ್ಟು ಯೋಚಿಸಿರಲಾರದು. ಹೊಸದರಲ್ಲಿ ಹೊಳೆಯ ಹಾಗೆ ಓಡಿತು, ಸೇಲಂನ ತಲೆ, ಆತ್ತೂರಿನ ತಲೆ, ಏರ್ಕಾಡಿನಲ್ಲಿ ಮೆಣಸು ಕೊಯ್ಯಲು ಏಣಿ ಹತ್ತಿ ಬಿದ್ದವರ ತಲೆ, ಎಲ್ಲ ಹೋಳು ಹೋಳಾಗಿ, ನಿಂಬೆಹಣ್ಣು ಹೆಚ್ಚಿಟ್ಟ ಹಾಗೆ ಬಂದವು, ಆಮೇಲೆ ಪೆನ್ನಾಗರಂ ಬಸ್ಸಿನಲ್ಲಿ ಬಂದ ಒಬ್ಬ ಮುದುಕಿ, ಕತ್ತಿನ ಹತ್ತಿರದ ಕೆಳ ಹೋಳಿನಲ್ಲಿ ನಿಂತಿತು, ಮತ್ತೊಬ್ಬಳು, ಮಗದೊಬ್ಬಳು. ಆ ಬಸ್ಸು ಬರುವ ಹೊತ್ತಿಗೆ ಸುತ್ತಲಿನ ಜವ್ವರಿಸಿ ಮಿಲ್ಲುಗಳೆಲ್ಲ, ಸಬ್ಬಕ್ಕಿ ಮಾಡುವಂಥವು, ಮೋಟಾರು ಹಾಕುತ್ತವೆ, ವೋಲ್ಟೇಜು ಕುಸಿಯುತ್ತದೆ, ಕಂಡುಹಿಡಿದೆ ಎಂದು ಆಸ್ಪತ್ರೆಗೆಲ್ಲ ಮೈಸೂರುಪಾಕು ಹಂಚಿದೆ, ಆನೆಮರಿಯಷ್ಟು ದೊಡ್ಡ ಸ್ಟೆಬಿಲೈಸರ್ ತರಿಸಿದೆ, ಅದನ್ನು ಹೊತ್ತವರಲ್ಲಿ ಇಬ್ಬರು ಇನ್ನೂ ಬೆನ್ನು ಹಿಡಿದುಕೊಂಡು ಓಡಾಡುತ್ತಾರೆ, ನಿಂತಿತು. ಬಿಸಿ ಎಂದೆ, ಏಸಿಯನ್ನು ಎಷ್ಟು ತಣ್ಣಗೆ ಮಾಡಿದೆನೆಂದರೆ ಲಕ್ಷ್ಮಣನ್ ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಬಂದು ಇದು ಸೇಲಮಾ ಸಿಮ್ಲಾವಾ ಎಂದ, ನಿಂತಿತು. ಮೆಮೊರಿ ಚಿಪ್ಪುಗಳನ್ನು ಕಿತ್ತು ಕಾಲುಗಳನ್ನು ರಬ್ಬರಿನಿಂದ ಉಜ್ಜಿದೆ, ಬೋರ್ಡನ್ನೇ ಬದಲಿಸಿದೆ, ಹೊಸ ಬೋರ್ಡು ಹಳೆಯದರ ಅವಳಿಯಂತೆ ಅಲ್ಲೇ ನಿಂತಿತು. ಪ್ರೋಗ್ರಾಮನ್ನು ಮೇಲಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ, ನಿದ್ದೆಯಲ್ಲಿ ಓದಿದೆ, ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ, ತಪ್ಪಿರಲು ಬರೆದವನು ಯಾರು. ಯಂತ್ರದ ಜೊತೆ ಬಂದ ನೀರು ತುಂಬಿದ ಪ್ಲಾಸ್ಟಿಕ್ ಕೊಡವನ್ನು, ಪರೀಕ್ಷೆಗೆಂದೇ ಇರುವಂಥದು, ತಲೆಯ ಜಾಗದಲ್ಲಿಟ್ಟು ಓಡಿಸಿದೆ, ಲಕ್ಷ ಸಲ ಎನ್ನೋಣ, ಲಕ್ಷ ಸಲವೂ ದುಂಡಗೆ ತಣ್ಣಗೆ ಬಂತು, ಕೊಡ ಎಂದೂ ನಿಲ್ಲಿಸಲಿಲ್ಲ. ಆಮೇಲೆ ಗೊತ್ತಾಯಿತು, ನಿಲ್ಲಿಸುವುದು ಹೆಂಗಸರ ತಲೆ ಮಾತ್ರ, ಅದರಲ್ಲೂ ತೊಪ್ಪೂರು ಕಣಿವೆಯಾಚೆಯ ಹೆಂಗಸರು, ಧರ್ಮಪುರಿ ಪೆನ್ನಾಗರಂ ಪಾಲಕೋಡು ಕಡೆಯವರು, ಹರಳೆಣ್ಣೆ ಎಂದೆ, ಅಷ್ಟೊಂದು ಎಣ್ಣೆ ಹಚ್ಚಿದರೆ ಯಾವ ಕಿರಣ ದಾಟೀತು, ಆಯಾ ಚೆಲ್ಲಮ್ಮ ನೆತ್ತಿಗಳನ್ನು ಟವಲಿನಿಂದ ಒತ್ತಿ ಒತ್ತಿ ಒರೆಸಿದಳು, ನಿಂತಿತು. ಅಂದ ಪಕ್ಕಂ ತಲೈ ಎಲ್ಲಾಂ ಕಲ್ಲು ಸಾರ್, ಆ ಕಡೆಯ ತಲೆಯೇ ಕಲ್ಲು ಎಂದ ಲಕ್ಷ್ಮಣನ್, ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ನನ್ನೂರು ಮದ್ರಾಸು ಎಂದು ಅವರಿಗೆಲ್ಲ ಬೂಸಿ ಬಿಟ್ಟಿದ್ದೆನಲ್ಲ. ಕೆಳಗಿನ ಹೋಳು ಬಾರದಿದ್ದರೆ ಬಿಡಿ ಎಂದು ಡಾಕ್ಟರು ಮೇಲಿನದನ್ನು ನೋಡಿ ಸುಧಾರಿಸಿಕೊಳ್ಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು.

ಇವತ್ತು ಬಿಡುವ ಹಾಗಿಲ್ಲ, ಏಕೆಂದರೆ ಅವಳಿಗೆ ಪೆಟ್ಟು ಬಿದ್ದಿರುವುದೇ ಅಲ್ಲಿ, ಹಿಂದಲೆಯ ಕೆಳಗೆ. ಮೊನ್ನೆ ನಸುಕಿನಲ್ಲಿ ವ್ಯಾನಿಗೆ ಟೊಮೇಟೊ ಕ್ರೇಟು ಏರಿಸುತ್ತಿದ್ದಾಗ ಮೇಲಿನ ಕ್ರೇಟು ಜಾರಿ ಇವಳೂ ಜಾರಿ, ವ್ಯಾನಿನ ಹಿಂದಿನ ಕೊಂಡಿಗೆ ತಲೆ ಬಡಿಯಿತಂತೆ, ಎದ್ದು ನಗಾಡಿದಳಂತೆ, ಸದ್ಯ, ಟೊಮೇಟೊ ಚಟ್ನಿ ಆಗ್ಲಿಲ್ವಲ್ಲ ಅಂದಳಂತೆ, ಮಾರ್ಕೆಟ್ಟಿಗೂ ಹೋಗಿ ಬಂದಳಂತೆ, ನಿನ್ನೆ ಸಂಜೆ ವಾಂತಿ, ಇವತ್ತು ಬೆಳಿಗ್ಗೆ ಕರೆದರೆ ಒಂದು ಕಣ್ಣು ಮಾತ್ರ ತೆರೆದಳು, ಭಾವ ರಾಮಪ್ಪ ಅದೇ ಟೊಮೇಟೊ ವ್ಯಾನಿನಲ್ಲಿ ಹುಲ್ಲು ಹಾಸಿ, ಪೆನ್ನಾಗರದಿಂದ ಅವ್ವನನ್ನೂ ಹತ್ತಿಸಿಕೊಂಡು, ಕಣಿವೆ ಇಳಿಸಿ ತಂದ, ಅವನು ಈಗ ಹೊರಗೆ ಬೇವಿನ ಮರದ ಕೆಳಗೆ ನಿಂತು ವ್ಯಾನಿನ ಗಾಜನ್ನು ಒರೆಸುತ್ತಿದ್ದಾನೆ, ಒರೆಸಿದ್ದನ್ನೇ ಒರೆಸುತ್ತಿದ್ದಾನೆ. ಡಾಕ್ಟರ್ ಪೊನ್ನುಸ್ವಾಮಿ ಅವಳ ಕಣ್ಣಿಗೆ ಟಾರ್ಚು ಹಿಡಿದು ನೋಡಿ ನನ್ನನ್ನು ಬಾಗಿಲ ಬಳಿ ಕರೆದು ಹೇಳಿದರು, ತಂಬಿ, ಒಳಗೆ ರಕ್ತ ಕಟ್ಟಿದೆಯೋ ಬರೀ ಊತವೋ ನನಗೆ ಗೊತ್ತಾಗಬೇಕು, ರಕ್ತವಾದರೆ ಈಗಲೇ ತೆರೆಯಬೇಕು, ಊತವಾದರೆ ತೆರೆಯಲೇಬಾರದು, ಕುರುಡಾಗಿ ತೆರೆಯಲಾರೆ, ಕೊಯಮತ್ತೂರಿಗೆ ಕಳಿಸೋಣ ಎಂದರೆ ಆ ದಾರಿಯನ್ನು ಇವಳು ತಾಳಳು, ಉನ್ ಮೆಷಿನ್ ದಾನ್ ಸೊಲ್ಲಣುಂ, ನಿನ್ನ ಮೆಷಿನ್ನೇ ಹೇಳಬೇಕು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೇಳಿಸ್ತೀನಿ ಸಾರ್ ಎಂದೆ, ಬಾಯಿ ತಾನಾಗಿ ಹಾಗೆ ಹೇಳಿತು, ಅದಕ್ಕೆ ಬೇರೆ ಮಾತು ಬರುವುದಿಲ್ಲ — ಮತ್ತೆ ಓಡುತ್ತಿದೆ ಈಗ, ಉಂಗುರ ಗುಂಯ್ ಎನ್ನುತ್ತಿದೆ, ಮೇಲಿನ ಹೋಳುಗಳು ಬರುತ್ತಿವೆ, ಅಕ್ಕನ ಹಣೆ ಒಳಗಿನಿಂದ ಹೀಗಿದೆ, ಅಕ್ಕರೋಟಿನ ತಿರುಳಿನ ಹಾಗೆ, ಇದರೊಳಗೆ ಎಲ್ಲೋ ಕುಂಬಳಕಾಯಿ ಲಾಟೀನು ಇರಬೇಕು, ಏಷ್ಯಾ ಇರಬೇಕು, ಕೆಳಗೆ, ಇನ್ನೂ ಕೆಳಗೆ, ಮಂಜು, ಮಂಜಿನಲ್ಲಿ ಬಿಳಿ ಗೆರೆ ಬಾಗುತ್ತಿದೆ, ಮುಚ್ಚಿಕೋ, ಇನ್ನೊಂದು ಸ್ವಲ್ಪ, ಮುಚ್ಚಿಕೋ — ನಿಂತಿತು. ಬಾಯಿ ತೆರೆದ ಬಿಳಿ ಲಾಳ.

ನಾವು ಚಿಕ್ಕವರಿದ್ದಾಗ ಲಾಳ ಕಟ್ಟುವವನು ನಮ್ಮ ಪೆನ್ನಾಗರಂ ಸಂತೆಯ ಹುಣಸೆ ಮರದಡಿ ಬರುತ್ತಿದ್ದ, ಅಣ್ಣಾಮಲೈ ಎಂದು, ಎತ್ತನ್ನು ಹಗ್ಗ ಹಾಕಿ ಕೆಡವಿ ನಾಲ್ಕೂ ಕಾಲು ಕೂಡಿಸಿ ಕಟ್ಟಿದರೆ ಅದು ಕಣ್ಣಿನ ಬಿಳಿ ತೋರಿಸುತ್ತಿತ್ತು, ಗಂಡಸರು ಹಿಂದೆ ಸರಿದರೆ ಅಕ್ಕ ಲಂಗ ಎತ್ತಿ ಕಟ್ಟಿ ಅದರ ತಲೆಯ ಪಕ್ಕ ಕೂತು ಕೊಂಬು ಹಿಡಿದು ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಏನು ಹೇಳ್ತೀಯಕ್ಕ ಎಂದರೆ ನಮ್ಮ ಸೇಕ್ರ ಕಲೆಕ್ಟರ್ ಆಗ್ತಾನೆ, ನಿನ್ನ ಜೀಪಿನಾಗೆ ಕೂರಿಸ್ತಾನೆ ಅಂತ ಯೋಳ್ದೆ ಎನ್ನುತ್ತಿದ್ದಳು, ಎತ್ತು ನಂಬುತ್ತಿತ್ತು, ಅಲುಗುತ್ತಿರಲಿಲ್ಲ, ಟಣ್ ಟಣ್ ಮೊಳೆ ಇಳಿಯುತ್ತಿದ್ದವು, ಸವೆದು ಬಿದ್ದ ಹಳೆಯ ಲಾಳಗಳನ್ನು ಅವ್ವ ಮಡಿಲಲ್ಲಿ ಕಟ್ಟಿಕೊಂಡು ತರುತ್ತಿದ್ದಳು, ಮನೆಯಲ್ಲಿ ಬಾಗಿಲ ಮೇಲೊಂದು, ತೊಟ್ಟಿಲ ಕೆಳಗೊಂದು. ಅವ್ವನನ್ನು ಒಳಗೆ ಬಿಟ್ಟಿದ್ದಾರೆ ಈಗ, ಮುನಿವೆಂಕಟಮ್ಮ, ಗಾಜಿನಾಚೆ ಬರಿಗಾಲಿನಲ್ಲಿ ನಿಂತಿದ್ದಾಳೆ, ಅಕ್ಕ ತಲೆ ಅಲುಗಿಸಿದ್ದಕ್ಕೇ ನಿಂತಿರಬೇಕು, ತಾಯಿ ಪಕ್ಕದಲ್ಲಿದ್ದರೆ ಅಲುಗುವುದಿಲ್ಲ ಎಂದು ಲಕ್ಷ್ಮಣನ್ ಹೇಳುತ್ತಿದ್ದಾನೆ, ಅಲ್ಲ, ಅಲುಗಿದರೆ ಚಿತ್ರ ಕದಡುತ್ತದೆ ಅಷ್ಟೇ, ನಿಲ್ಲುವುದಿಲ್ಲ — ಅವ್ವ ಅಕ್ಕನ ಕೆನ್ನೆ ಸವರುತ್ತಾಳೆ, ಕಿವಿ ಸವರುತ್ತಾಳೆ, ಓಲೆ ಮೂಗುತಿ ಹೇರ್‌ಪಿನ್ನು ಎಲ್ಲ ಚೆಲ್ಲಮ್ಮ ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಟ್ಟಿದ್ದಾಳೆ, ಲೋಹ ಇರಬಾರದೆಂದು ಬಾಗಿಲ ಮೇಲೆ ತಮಿಳಿನಲ್ಲಿ ಬೋರ್ಡೇ ಇದೆ, ಅವ್ವನಿಗೆ ತಮಿಳು ಓದಲು ಬಾರದು ಕನ್ನಡವೂ ಬಾರದು, ಅವಳ ಕೈ ಕಿವಿಯಿಂದ ಹಿಂದಕ್ಕೆ ಹೋಗುತ್ತದೆ, ದಿಂಬಿನ ಗುಳಿಯೊಳಗೆ ಅಡಗಿರುವ ತುರುಬಿಗೆ, ಎರಡು ಬೆರಳಿನಿಂದ ಒಮ್ಮೆ ಒತ್ತಿ ನೋಡುತ್ತಾಳೆ, ಇದೆಯಾ ಎಂದು, ಇದೆ ಎಂದು, ಕೈ ತೆಗೆಯುತ್ತಾಳೆ.

ಆ ಎರಡು ಬೆರಳು ನನಗೆ ಗೊತ್ತು. ನಾನು ಸೇಲಂ ಪಾಲಿಟೆಕ್ನಿಕ್ಕಿಗೆ ಹೊರಟ ದಿನ ಅದೇ ಎರಡು ಬೆರಳು ನನ್ನ ಸೊಂಟದ ಉಡುದಾರವನ್ನು ಹೀಗೇ ಒತ್ತಿದ್ದವು, ಚಳಿಜ್ವರ ಬಂದಿತ್ತು, ಜ್ವರದಲ್ಲಿ ಕಣಿವೆ ದಾಟ್ತಾವ್ನೆ, ಬರಿಮೈಯಾಗೆ ಓಗಬಾರ್ದು ಎಂದು — ತೊಪ್ಪೂರು ಕಣಿವೆಯಲ್ಲಿ ಲಾರಿ ಉರುಳಿ ಬಸ್ಸು ಉರುಳಿ ಸತ್ತವರು ಎಷ್ಟೋ, ಅವರೆಲ್ಲ ತಿರುವಿನಲ್ಲಿ ಕೂತಿರುತ್ತಾರೆ, ಗಟ್ಟಿ ಇರುವವರನ್ನು ಮುಟ್ಟುವುದಿಲ್ಲ, ಮೈ ಸರಿಯಿಲ್ಲದವರು ಹಾದರೆ ವ್ಯಾನು ಹತ್ತಿಕೊಳ್ಳುತ್ತಾರೆ, ಅದಕ್ಕೇ ಕಾಯಿಲೆಯವರನ್ನು ಕಣಿವೆ ದಾಟಿಸುವಾಗ ಕಬ್ಬಿಣ ಕಟ್ಟಬೇಕು, ಗಂಡಸರಿಗೆ ಸೊಂಟದಲ್ಲಿ, ಹೆಂಗಸರಿಗೆ ತುರುಬಿನಲ್ಲಿ, ಕಟ್ಟಿದ್ದನ್ನು ಯಾರಿಗೂ ಹೇಳಬಾರದು, ಮತ್ತೆ ಕಣಿವೆ ಹತ್ತಿ ಮನೆ ಸೇರುವವರೆಗೆ ಬಿಚ್ಚಬಾರದು. ಹೆಂಗಸರಿಗೆ ತುರುಬಿನಲ್ಲಿ. ಅಯ್ಯೋ ಶೇಖರಾ, ಏಷ್ಯಾ ಖಂಡದ ಶೇಖರಾ, ಗಂಡಸರ ತಲೆ ಎಂದೂ ನಿಲ್ಲಿಸಲಿಲ್ಲ ಏಕೆಂದರೆ ಅವರ ಕಬ್ಬಿಣ ಸೊಂಟದಲ್ಲಿತ್ತು, ಆತ್ತೂರಿನವರು ನಿಲ್ಲಿಸಲಿಲ್ಲ ಏಕೆಂದರೆ ಅವರ ದಾರಿಯಲ್ಲಿ ತೊಪ್ಪೂರು ಇಲ್ಲ, ಕೊಡ ನಿಲ್ಲಿಸಲಿಲ್ಲ ಏಕೆಂದರೆ ನೀರಿಗೆ ತುರುಬಿಲ್ಲ, ಎಲ್ಲ ಕೂತಲ್ಲೇ ಕೂಡಿಕೊಳ್ಳುತ್ತಿದೆ, ಮೇಲಿನ ಹೋಳಿನಲ್ಲಿ ಓಡಿ ಕೆಳಗೆ ಏಕೆ ನಿಲ್ಲುತ್ತದೆ, ತುರುಬು ಇರುವುದು ಕೆಳಗೆ. ನಮಗೆ ಕಾಣಲಿಲ್ಲ ಏಕೆ, ಮೊದಲೊಂದು ಇಡೀ ತಲೆಯ ನೆರಳಿನ ಚಿತ್ರ ತೆಗೆಯುವುದನ್ನು ಎಕ್ಸ್‌ರೇ ಟ್ಯೂಬು ಸವೆಯುತ್ತದೆಂದು ಬಿಟ್ಟುಬಿಟ್ಟಿದ್ದೇವೆ, ಕೆಂಪು ದೀಪದ ಗೆರೆಗೆ ತಲೆ ಹೊಂದಿಸಿ ನೇರ ಹೋಳಿಗೆ ಇಳಿಯುತ್ತೇವೆ. ಮತ್ತು ನನ್ನ ಪ್ರೋಗ್ರಾಮು, ಅಲ್ಪವಿರಾಮವೂ ತಪ್ಪದ ನನ್ನ ಪ್ರೋಗ್ರಾಮು — ಒಂದೊಂದು ಕಿರಣ ಎಷ್ಟು ದಾಟಿ ಬಂತು ಎಂದು ನೋಡಿ ಲಾಗ್ ಟೇಬಲಿನಲ್ಲಿ ಅದರ ಸಾಲು ಹುಡುಕಿ ಬಳಿಯುತ್ತದೆ, ಪಾಲಿಟೆಕ್ನಿಕ್ಕಿನ ಲಾಗ್ ಟೇಬಲ್, ಅದರಲ್ಲಿ ಎಲ್ಲಕ್ಕೂ ಸಾಲಿದೆ, ಸೊನ್ನೆಗಿಲ್ಲ. ಸೊನ್ನೆ ಬರುವುದಿಲ್ಲವಲ್ಲ, ಎಲುಬು ಎಷ್ಟು ದಪ್ಪವಿದ್ದರೂ ಒಂದು ಹನಿ ಬೆಳಕು ದಾಟಿಯೇ ದಾಟುತ್ತದೆ, ಯಾರ ತಲೆಯೂ ಪೂರ್ತಿ ಕತ್ತಲಲ್ಲ, ಅದನ್ನು ನಂಬಿ ಬರೆದದ್ದು, ಈಗಲೂ ನಂಬುತ್ತೇನೆ, ಆದರೆ ಉದ್ದಕ್ಕೆ ಅಡ್ಡ ಬಂದ ಕಬ್ಬಿಣ ಪೂರ್ತಿ ಕತ್ತಲೆ, ಉಂಗುರ ತಿರುಗುತ್ತ ತಿರುಗುತ್ತ ಅದರ ನೇರಕ್ಕೆ ಬಂದಾಗ ಏನೂ ದಾಟುವುದಿಲ್ಲ, ಸೊನ್ನೆ, ಬೋರ್ಡು ಪಾಪ ಇಲ್ಲದ ಸಾಲನ್ನು ಹುಡುಕುತ್ತ ಹೋಗಿ ಹೋಗಿ ತನ್ನ ನೆನಪಿನ ಅಂಚು ದಾಟಿ ಬೀಳುತ್ತದೆ. ಸೊನ್ನೆ ಬಂದರೆ ಒಂದು ಎಂದುಕೋ ಎಂದು ಒಂದು ಸಾಲು ಸೇರಿಸಬಹುದು, ಈಗಲೇ, ಬೋರ್ಡು ಬೀಳುವುದಿಲ್ಲ, ಆದರೆ ಕಬ್ಬಿಣದಿಂದ ಬಿಳಿ ಗೆರೆಗಳು ಸೂರ್ಯನ ಕಿರಣದ ಹಾಗೆ ಹರಡಿ ಹಿಂದಲೆಯನ್ನೆಲ್ಲ ಮುಚ್ಚುತ್ತವೆ, ಡಾಕ್ಟರು ನೋಡಬೇಕಾದ ಜಾಗವನ್ನೇ, ಇಲ್ಲ, ಅದು ಹೊರಗೆ ಬರಬೇಕು, ತುರುಬಿನಿಂದ ಹೊರಗೆ, ನಾನು ಎದ್ದಿದ್ದೇನೆ, ಬಾಗಿಲು ತಳ್ಳಿದ್ದೇನೆ, ಸಾರ್ ಎಂಗೆ, ಎಲ್ಲಿಗೆ, ಎಂದು ಲಕ್ಷ್ಮಣನ್ ಕೇಳುತ್ತಿದ್ದಾನೆ.

ಅವ್ವ, ತುರುಬಿನಾಗೆ ಏನು ಕಟ್ಟಿದ್ದೀಯ. ಏನೂ ಇಲ್ಲ. ಅವ್ವ. ಯೋಳಬಾರ್ದು, ನಿಂಗೆ ಗೊತ್ತಿಲ್ವಾ. ಬಿಚ್ಚು. ಬಿಚ್ಚಾಕಿಲ್ಲ, ಇನ್ನೂ ವಾಪಸ್ಸು ಕಣಿವೆ ಅತ್ತಬೇಕು, ಅಲ್ಲಿ ಅಷ್ಟು ಜನ ಕಾದವ್ರೆ, ಬರೀ ತಲೇಲಿ ಕರ್ಕೊಂಡು ಓಗ್ಲಾ ನನ್ನ ಮಗಳನ್ನ — ನಾವು ಕನ್ನಡದಲ್ಲಿ ಮಾತಾಡುತ್ತಿದ್ದೇವೆ, ಬಾಗಿಲಲ್ಲಿ ನಿಂತ ಲಕ್ಷ್ಮಣನ್ ನನ್ನನ್ನೂ ಅವ್ವನನ್ನೂ ನೋಡುತ್ತಾನೆ, ಮದ್ರಾಸಿನ ಸಾರಿಗೆ ಈ ಭಾಷೆ ಎಲ್ಲಿಂದ ಬಂತೆಂದು, ನೋಡಲಿ, ಕಲ್ಲುತಲೆಯ ಕಡೆಯವನೇ ನಾನು. ಅವ್ವ, ಅದು ಇದ್ರೆ ಮಿಸಿನ್ನು ನಿಂತೋಗ್ತದೆ, ಅದಕ್ಕೇ ನಿಲ್ತಿರಾದು. ಅವ್ವ ನನ್ನನ್ನು ನೋಡಿದ ನೋಟ, ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆ ತಪ್ಪಿದವ ಎನ್ನುವ ಹಾಗೆ, ಇಷ್ಟು ದೊಡ್ಡ ಮಿಸಿನ್ನೇ ನಿಲ್ಸಿಬುಡ್ತದೆ ಅಂದ್ರೆ ದೆವ್ವನ ನಿಲ್ಸಾಕಿಲ್ವಾ, ನೀನೇ ಯೋಳು. ನನ್ನ ಮಿಸಿನ್ನು ಕಣಿವೆಯ ದೆವ್ವಗಳನ್ನೆಲ್ಲ ಓಡಿಸಿಬಿಟ್ಟಿದೆ ಎಂದೆ, ಬೆಳಕು ಬಿಟ್ಟು ಒಂದೊಂದನ್ನೇ ಹೋಳು ಮಾಡಿದ್ದೇನೆ ಎಂದೆ, ಅವ್ವ ಸೆರಗು ಹೊದ್ದುಕೊಂಡಳು, ಬುಡ್ಲಾ ಸೇಕ್ರ, ನೀನು ಯೋಳಾದ್ರಾಗೆ ಯಾವ್ದು ನಿಜ ಯಾವ್ದು ಬೂಸಿ ಅಂತ ನಾನೆಂಗೆ ಕಾಣ್ಲಿ, ಉಟ್ಟಿದಾಗಿಂದ ಇಂಗೇ. ನಿಜ ಅವ್ವ, ಇದೊಂದು ನಿಜ, ಎಂದೆ, ನನ್ನ ಕಿವಿಗೇ ಅದು ಹಳೆಯ ಬೂಸಿಯ ಹಾಗೆ ಕೇಳಿತು, ಏಷ್ಯಾ ಎಂದದ್ದೂ ಇದೇ ದನಿ, ಮೈಸೂರುಪಾಕು ಹಂಚಿದಾಗಲೂ ಇದೇ ದನಿ, ಬೇರೆ ದನಿ ಎಲ್ಲಿಂದ ತರಲಿ, ಡಾಕ್ಟರು ಬಂದು ನಿಂತಿದ್ದಾರೆ, ಸೀಕ್ರಂ ತಂಬಿ, ಬೇಗ, ಎನ್ನುತ್ತಿದ್ದಾರೆ, ನಾನೇ ಕೈಹಾಕಿ ಕಿತ್ತುಬಿಡಲೇ, ಅವ್ವನ ಕೈ ತುರುಬಿನ ಮೇಲಿದೆ, ಆ ಕೈಯನ್ನು ಬಿಡಿಸಿ — ಆಗ ಕೆಳಗಿನಿಂದ, ಉಂಗುರದೊಳಗಿನಿಂದ, ನಾಲಿಗೆ ದಪ್ಪವಾದವರ ದನಿಯಲ್ಲಿ, ಸೇಕ್ರ ಯೋಳ್ತಾವ್ನಲ್ಲವ್ವ. ಕಣ್ಣು ಮುಚ್ಚಿಯೇ ಇದೆ. ಕೊಟ್ಬುಡು. ಏಷ್ಯಾದಾಗೆ... ಎಂದಳು, ಮುಂದಿನದು ತುಟಿಯಲ್ಲೇ ಉಳಿಯಿತು, ತುಟಿಯ ತುದಿ ಸ್ವಲ್ಪ ಎಳೆದುಕೊಂಡಿತು, ನೋವಿಗೋ ನಗು ತಡೆಯಲೋ ಗೊತ್ತಾಗಲಿಲ್ಲ. ಅವ್ವ ತುರುಬಿಗೆ ಕೈಹಾಕಿ ಕಪ್ಪು ದಾರ ಹಲ್ಲಿನಿಂದ ಕಡಿದು ಎಳೆದಳು, ಕೂದಲು ಬಿಚ್ಚಿ ಹರಳೆಣ್ಣೆಯ ವಾಸನೆ ಬಂತು, ಸವೆದು ಮುರಿದ ಲಾಳದ ಚೂರು, ಎಷ್ಟು ದೊಡ್ಡದೆಂದರೆ, ಹೆಬ್ಬೆರಳಿನಷ್ಟು, ಅಷ್ಟೇ. ನನ್ನ ಎಡಗೈ ಬಿಡಿಸಿ ಒಳಗಿಟ್ಟು ಬೆರಳು ಮಡಿಸಿದಳು, ಒಡಹುಟ್ಟಿದೋನ ಕೈನಾಗಿದ್ರೆ ಅವಳ ಮೈಮ್ಯಾಲೆ ಇದ್ದಂಗೇ, ಬಿಡಬ್ಯಾಡ, ಅವಳು ಬರಾಗಂಟ ಬಿಡಬ್ಯಾಡ.

ಬಿಡುವುದಿಲ್ಲ. ಬಲಗೈಯೊಂದರಲ್ಲೇ ಕೀಲಿ ಒತ್ತಿದೆ, ಎಡ ಮುಷ್ಟಿಯೊಳಗೆ ಅದು ಅವಳ ತಲೆಯ ಬಿಸಿಯನ್ನು ಇನ್ನೂ ಇಟ್ಟುಕೊಂಡಿದೆ, ಉಂಗುರ ಗುಂಯ್ ಎನ್ನುತ್ತಿದೆ, ಡಾಕ್ಟರು ನನ್ನ ಹೆಗಲ ಹಿಂದೆ, ಅವರ ಉಸಿರು ಕುತ್ತಿಗೆಗೆ, ಅವ್ವ ಬಾಗಿಲಾಚೆ ನೆಲದ ಮೇಲೆ ಕೂತು ನನ್ನ ಮುಷ್ಟಿಯನ್ನೇ ಕಾಯುತ್ತಿದ್ದಾಳೆ ಎಂದು ತಿರುಗಿ ನೋಡದೆಯೇ ಗೊತ್ತು, ಮೇಲಿನ ಹೋಳು, ಅದರ ಕೆಳಗಿನದು, ಇನ್ನೂ ಕೆಳಗೆ, ಮಂಜು, ಬಿಳಿ ಗೆರೆ ಎರಡು ಕಡೆಯಿಂದ ಬಾಗಿ ಬರುತ್ತಿದೆ, ಇಲ್ಲೇ ನಿಲ್ಲುತ್ತಿತ್ತು, ಇಲ್ಲೇ, ಬಾಯಿ ತೆರೆದುಕೊಂಡು — ಮುಚ್ಚಿಕೊಂಡಿತು. ದಾಟಿತು. ಲಕ್ಷ್ಮಣನ್ ಉಸಿರು ಬಿಟ್ಟ, ಪೋಯಿಡ್ಚು ಸಾರ್, ದಾಟಿಬಿಡ್ತು ಎನ್ನುತ್ತಾನೆ, ಈಗ ನಾನು ಹೇಳಬೇಕು, ನೋಡು ಈ ಶೇಖರನ ಕೈ, ಎಂದು, ಏಷ್ಯಾ ಎಂದು, ಮಾತು ಎಲ್ಲ ಸಾಲಾಗಿ ನಿಂತಿದೆ ಗಂಟಲಲ್ಲಿ, ಮಂಜು ತಿಳಿಯಾಗುತ್ತಿದೆ, ಸಾವಿರ ಕಡೆಯ ನೆರಳು ಒಂದರ ಮೇಲೊಂದು ಬಳಿದುಕೊಂಡು ಬಳೆಯ ಒಳಗು ನಿಧಾನ ಬೂದಾಗುತ್ತಿದೆ, ಎಡಗಡೆ ಬೂದು, ನಡುವೆ ಬೂದು, ಬಲಗಡೆ ಹಿಂದೆ, ಎಲುಬಿಗೆ ಅಂಟಿಕೊಂಡು, ಎಲುಬಲ್ಲ, ಎಲುಬಿಗಿಂತ ಸ್ವಲ್ಪ ಮಂಕು, ಬಾಗಿದೆ, ಎರಡೂ ತುದಿ ಚೂಪು, ನಡು ಅಗಲ — ಅದಾ, ಎಂದರು ಡಾಕ್ಟರು, ಅದುದಾನ್, ಅದೇ, ರಕ್ತ. ಎಷ್ಟು ದಪ್ಪ, ಅಳೆದು ಹೇಳು. ಗೆರೆ ಎಳೆದೆ, ಒಂದು ತುದಿಯಿಂದ ಇನ್ನೊಂದಕ್ಕೆ, ಸಂಖ್ಯೆ ಬಂತು, ಬಂದದ್ದನ್ನು ಬಂದ ಹಾಗೆಯೇ ಓದಿದೆ, ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ, ನನ್ನ ಬಾಯಿಯೇ ಅದು ಎಂದು ನನಗೇ ನಂಬಿಕೆ ಬರಲಿಲ್ಲ. ಪೋದುಂ, ಸಾಕು, ಆಪರೇಷನ್ ಥಿಯೇಟರ್ ರೆಡಿ ಪಣ್ಣು ಎಂದು ಅವರು ಓಡುತ್ತಿದ್ದಾರೆ, ಸ್ಟ್ರೆಚರಿನ ಗಾಲಿ ಕಿರುಗುಟ್ಟಿದವು, ರಾಮಪ್ಪನ ಚಪ್ಪಲಿ ಸದ್ದು, ಬಿಚ್ಚಿದ ಕೂದಲು ಸ್ಟ್ರೆಚರಿನಿಂದ ಜೋತು ಬಾಗಿಲು ದಾಟಿತು, ಏನು ಕಾಣ್ತುಲಾ, ಸೇಕ್ರ, ಒಳಗೆ ಏನೈತೆ ಎಂದು ಅವ್ವ ಕೇಳುತ್ತಿದ್ದಾಳೆ, ಹೇಳಬೇಕು, ಒಂದಕ್ಕೆ ಹತ್ತು ಹೇಳಬಾರದು, ಹತ್ತಕ್ಕೆ ಒಂದು ಹೇಳಬಾರದು, ಮುಷ್ಟಿ ಬಿಚ್ಚಬಾರದು, ಬರಾಗಂಟ, ಮುಷ್ಟಿಯೊಳಗೆ ಕರಿ ಲಾಳದ ಚೂರು, ಪರದೆಯಲ್ಲಿ, ಮುಚ್ಚಿದ ಬಳೆಯ ಒಳಗೆ, ಬಲಗಡೆ ಹಿಂದೆ, ಬಿಳಿ ಲಾಳ — ದೊಡ್ಡದೂ ಆಗುವುದಿಲ್ಲ, ಸಣ್ಣದೂ ಆಗುವುದಿಲ್ಲ, ಇರುವಷ್ಟೇ ಇದೆ, ಬಿಳಿ ಲಾಳ.